ತಿರುಗಣೆಯ ಊರು, ದಾವಣಿಯ ಊರು

ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ದಾವಣಗೆರೆಯನ್ನು ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಹರಿಹರವನ್ನು ಸೇರುತ್ತಾರೆ; ಅಲ್ಲಿಂದ ಮುಂದೆ ತುಂಗಭದ್ರೆಯನ್ನು ದಾಟುತ್ತಾರೆ. ಎರಡೂರುಗಳ ನಡುವಣ ಅಂತರ ಸುಮಾರು ಹದಿನಾಲ್ಕು ಕಿಲೋಮೀಟರು. ಒಂದು ಊರಿನಲ್ಲಿ ಎಂಟುನೂರು ವರ್ಷಗಳ ದೇವಾಲಯವುಂಟು. ಇನ್ನೊಂದರಲ್ಲಿ ಇನ್ನೂರೈವತ್ತು ವರ್ಷಗಳಷ್ಟು ಹಳೆಯ ಪೇಟೆಯುಂಟು. ಹರಿಹರಕ್ಕೆ ಹೋಗುವುದು ದೇವರ ದರ್ಶನಕ್ಕೆ, ದಾವಣಗೆರೆಗೆ ಹೋಗುವುದು ವ್ಯಾಪಾರಕ್ಕೆ ಎಂಬುದು ನಮ್ಮ ಕಡೆಯ ಹಿರಿಯರ ಎಣಿಕೆಯಾಗಿತ್ತು. ಈ ಎಣಿಕೆ ಪೂರ್ತಿ ಸರಿಯಲ್ಲ. ಹರಿಹರವೂ ಕೈಗೆಲಸದ ಊರೇ. ದಾವಣಗೆರೆಗೂ ತನ್ನದೇ ಆದ ಪರಂಪರೆಯುಂಟು. ಈ ಎರಡೂರುಗಳ ಕಟ್ಟಡಗಳನ್ನೂ ಕಸುಬುಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ವಿಚಾರ. ಹರಿಹರಕ್ಕೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ನದಿಯು ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಆದುದರಿಂದ ಇದು ಕೂಡಲು. ಗುಹನೆಂಬ ಅಸುರನು ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದನೆಂದೂ, ಅವನನ್ನು ಕೊಲ್ಲಲು ಹರಿಹರರಿಬ್ಬರೂ ಒಂದೇ ಮೂರ್ತಿಯಾಗಿ ಬಂದರೆಂದೂ ಸ್ಥಳಪುರಾಣ ಹೇಳುತ್ತದೆ. ನದಿಗಳು ಕೂಡಿದ ಊರಿನಲ್ಲಿ ದೇವರೂ ಕೂಡಿದ ಕಥೆಯಿದು. ದಾವಣಗೆರೆಯ ಹೆಸರನ್ನು ಕುರಿತು ಜನರಲ್ಲಿ ಹಲವು ಕಥೆಗಳುಂಟು. ದಂಡಯಾತ್ರೆಯಿಂದ ದಣಿದ ಸೈನ್ಯ ಇಲ್ಲಿ ಕೆರೆಯ ನೀರು ಕುಡಿದು ದಣಿವಾರಿಸಿಕೊಂಡದ್ದರಿಂದ ದಣಿವಿನಕೆರೆ ಎಂದಾಯಿತೆಂಬುದು ಒಂದು. ಸೈನ್ಯದ ಕುದುರೆಗಳನ್ನು ಕೆರೆಯ ಬಳಿ ದಾವಣಿಗೆ ಕಟ್ಟುತ್ತಿದ್ದುದರಿಂದ ದಾವಣಿಕೆರೆ ಎಂಬುದು ಇನ್ನೊಂದು. ದಾವಣಿಯೆಂದರೆ ದನಕರುಗಳನ್ನು ಸಾಲಾಗಿ ಕಟ್ಟುವ ಹಗ್ಗ; ಸಂಸ್ಕೃತದ ದಾಮನೀ ಶಬ್ದದ ತದ್ಭವ. ಎರಡನೆಯ ಕಥೆಗೆ ಭಾಷೆಯ ಒತ್ತಾಸೆ ಹೆಚ್ಚು. ಚರಿತ್ರೆಯ ಒತ್ತಾಸೆ ಎರಡಕ್ಕೂ ಇಲ್ಲದಿದ್ದರೂ, ದಾರಿಹೋಕರು ತಂಗಿದ ಸ್ಥಳವೆಂಬ ನೆನಪು ಎರಡರಲ್ಲಿಯೂ ಉಳಿದಿದೆ. ದಾವಣಗೆರೆಯ ಮುಂದಿನ ಚರಿತ್ರೆಯನ್ನು ನೋಡಿದರೆ ಆ ನೆನಪು ಹುಸಿಯಲ್ಲ ಎನ್ನಬಹುದು.

ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ವೀರನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವ. ಕಾಲ ಕ್ರಿ. ಶ. ೧೨೨೪. ಮುಂದೆ ೧೨೬೮ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಇಲ್ಲಿ ಕಟ್ಟಡಗಳನ್ನು ಸೇರಿಸಿದನು. ಸೋಮನಾಥಪುರವನ್ನು ಸ್ಥಾಪಿಸಿದ ಸೋಮನೇ ಇವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಗರ್ಭಗೃಹದಲ್ಲಿ ನಿಂತಿರುವ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವರೂ ವೈಷ್ಣವರೂ ವಾದಕ್ಕೆ ನಿಲ್ಲುತ್ತಿದ್ದ ಕಾಲದಲ್ಲಿ ಒಬ್ಬ ದಂಡನಾಯಕನು ಇಬ್ಬರಿಗೂ ಒಂದೇ ಗುಡಿಯನ್ನು ಕಟ್ಟಿಸಿದನೆಂಬುದು ನೆನೆಯತಕ್ಕ ಸಂಗತಿ. ಬೇಲೂರು ಹಳೇಬೀಡುಗಳ ಹೊರಗೋಡೆಗಳಲ್ಲಿ ಕಾಣುವ ವಿಗ್ರಹಗಳ ಸಂದಣಿಯನ್ನು ಇಲ್ಲಿ ಹುಡುಕಬೇಕಾಗಿಲ್ಲ. ಇಲ್ಲಿಯ ಸೊಬಗೆಲ್ಲ ತೆರೆದ ಮಹಾಮಂಟಪದಲ್ಲಿ, ಅದರ ಕಂಬಗಳಲ್ಲಿ ನೆಲೆಸಿದೆ.

ಈ ಕಂಬಗಳನ್ನು ನಮ್ಮ ಶಿಲ್ಪಗ್ರಂಥಕಾರರು ತಿರುಗಣೆಯ ಕಂಬಗಳೆಂದು ಕರೆಯುತ್ತಾರೆ. ತಿರುಗಣೆಯೆಂದರೆ ಸುತ್ತುವ ಯಂತ್ರ. ಬಡಗಿಗಳ ಮಾತಿನಲ್ಲಿ ಕಡಸಲು, ಕಾರ್ಖಾನೆಯವರ ಮಾತಿನಲ್ಲಿ ಲೇತು. ತೊಟ್ಟಿಲಿನ ಕಾಲನ್ನೋ ಬುಗುರಿಯನ್ನೋ ತಿರುಗಣೆಗೆ ಕೊಟ್ಟು ಉಳಿಯಿಂದ ಕೆತ್ತಿದಾಗ ಹೇಗೆ ಉಂಗುರ ಉಂಗುರವಾಗಿ ಸುತ್ತುಗಳು ಏಳುವುವೋ ಹಾಗೆಯೇ ಈ ಕಂಬಗಳ ಮೈಮೇಲೆ ಸುತ್ತುಗಳಿವೆ. ಗಂಟೆಯ ಆಕಾರ, ಕೊಡದ ಆಕಾರ, ತಟ್ಟೆಯ ಆಕಾರ ಒಂದರ ಮೇಲೊಂದು ಬರುತ್ತವೆ. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಬಿಸಿಲಿಗೆ ಬಂದಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಆದುದರಿಂದಲೇ ಅದರಲ್ಲಿ ಇಂಥ ನಯವಾದ ಕೆಲಸ ಸಾಧ್ಯವಾಯಿತು. ಇಷ್ಟು ಭಾರದ ಕಲ್ಲನ್ನು ಯಾವ ಉಪಾಯದಿಂದ ತಿರುಗಿಸಿದರೆಂಬುದನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಪೋಲಾಳ್ವನ ಹೆಸರು ಶಾಸನದಲ್ಲಿದೆ. ಕಂಬ ತಿರುಗಿಸಿದ ಕೈಗಳ ಕಥೆಯನ್ನು ಹೇಳಲು ಕಂಬವೇ ಹೊರತು ಬೇರೆ ಸಾಕ್ಷಿಯಿಲ್ಲ.

ಹರಿಹರದ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಅವುಗಳಲ್ಲಿ ದಾನದತ್ತಿಗಳ ಮಾತೇ ಹೆಚ್ಚು. ಆದರೆ ವಿಜಯನಗರದ ಕಾಲದ ಎರಡು ಶಾಸನಗಳು ಬೇರೆ ಬಗೆಯವು. ೧೪೧೦ರಲ್ಲಿ ಹರಿದ್ರಾ ನದಿಗೆ ಅಡ್ಡಲಾಗಿ ಅಣೆಯೊಂದನ್ನು ಕಟ್ಟಿ, ದೇವರ ಭೂಮಿಯ ಮೂಲಕ ಕಾಲುವೆಯನ್ನು ಹರಿಹರದವರೆಗೆ ತರಲಾಯಿತು. ಖರ್ಚಿನಲ್ಲಿ ಎರಡು ಪಾಲು ಊರಿನ ಬ್ರಾಹ್ಮಣರದು, ಒಂದು ಪಾಲು ದೇವಾಲಯದ್ದು. ನೀರುಣ್ಣುವ ಭೂಮಿಯ ಹಂಚಿಕೆಯೂ ಅದೇ ಲೆಕ್ಕದಲ್ಲಿ. ಕೆಲವೇ ವರ್ಷಗಳಲ್ಲಿ ಆ ಅಣೆ ಒಡೆಯಿತು. ೧೪೨೪ರಲ್ಲಿ ಚಾಮನೆಂಬ ದಂಡನಾಯಕನು ಹಣ ಕೊಟ್ಟು ಅದನ್ನು ಮತ್ತೆ ಕಟ್ಟಿಸಿದನೆಂದು ಎರಡನೆಯ ಶಾಸನ ತಿಳಿಸುತ್ತದೆ. ಕಟ್ಟಿದ್ದನ್ನು ಮಾತ್ರವಲ್ಲ, ಒಡೆದದ್ದನ್ನೂ ಮತ್ತೆ ಕಟ್ಟಿದ್ದನ್ನೂ, ಯಾರ ಪಾಲೆಷ್ಟೆಂಬುದನ್ನೂ ಕಲ್ಲಿನ ಮೇಲೆ ಬರೆದಿಟ್ಟ ಊರಿದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಯಲ್ಲಿ ಇದಕ್ಕೆ ಹಿಂದಿರುಗುತ್ತೇವೆ.

ವಿಜಯನಗರದ ತರುವಾಯ ಹರಿಹರವು ಹಲವರ ಕೈಗಳಿಗೆ ದಾಟುತ್ತ ಬಂದಿತು. ಬ್ರಿಟಿಷರ ಕಾಲದಲ್ಲಿ ತುಂಗಭದ್ರೆಯೇ ಗಡಿ: ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ೧೮೬೫ರವರೆಗೂ ಊರಿನ ಹತ್ತಿರ ಸೈನಿಕರ ದಂಡು ಇತ್ತು. ಹೊಳೆ ದಾಟಬೇಕಾದರೆ ಹರಿಗೋಲೇ ಗತಿ. ಬಿದಿರು ಹೆಣೆದು, ಚರ್ಮ ಹೊದಿಸಿ ಮಾಡುತ್ತಿದ್ದ ಈ ದುಂಡು ದೋಣಿ ತುಂಗಭದ್ರೆಯ ಉದ್ದಕ್ಕೂ ಒಂದು ಕಸುಬನ್ನೇ ಸಾಕಿತ್ತು. ಹೆಣೆಯುವವರು, ಚರ್ಮ ಹೊಲಿಯುವವರು, ಹುಟ್ಟು ಹಾಕುವವರು ಎಲ್ಲರೂ ಅದರ ಅನ್ನ ಉಂಡವರು. ೧೮೬೮ರಲ್ಲಿ ಬೆಂಗಳೂರು–ಧಾರವಾಡ ಹೆದ್ದಾರಿಗೆ ಸೇತುವೆ ಸಿದ್ಧವಾಯಿತು. ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಈ ಸೇತುವೆಗೆ ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳು. ಸುಮಾರು ಇಪ್ಪತ್ತು ವರ್ಷಗಳಲ್ಲಿ ರೈಲೂ ಬಂದಿತು. ಹರಿಗೋಲಿನವರ ಕಸುಬು ಮೆಲ್ಲಗೆ ಹಿಂದೆ ಸರಿಯಿತು. ಸೇತುವೆಯ ಚರಿತ್ರೆಯನ್ನು ಗೆಜೆಟಿಯರು ಬರೆದುಕೊಂಡಿತು. ಹರಿಗೋಲಿನವರದನ್ನು ಯಾರೂ ಬರೆದುಕೊಳ್ಳಲಿಲ್ಲ. ೧೯೫೬ರ ನವೆಂಬರ್ ೧ರಂದು ಕರ್ನಾಟಕ ಒಂದಾದಾಗ ಹೊಳೆಯ ನಡುವಣ ಗಡಿಯೂ ಅಳಿಯಿತು.

ಇನ್ನು ದಾವಣಗೆರೆಗೆ ಬರೋಣ. ಹದಿನೆಂಟನೆಯ ಶತಮಾನದ ನಡುವಿನವರೆಗೆ ಇದು ಬೇತೂರಿನ ಮಗ್ಗುಲಿನ ಒಂದು ಸಣ್ಣ ಹಳ್ಳಿ. ಬೇತೂರು, ಆನೆಕೊಂಡಗಳೇ ಹಳೆಯ ಊರುಗಳು. ಆನೆಕೊಂಡದ ಈಶ್ವರ ದೇವಾಲಯ ಆ ಹಳಮೆಗೆ ಸಾಕ್ಷಿ. ಹೈದರಾಲಿಯು ಈ ಹಳ್ಳಿಯನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿರಾಮನು ಕೋಟೆಕೊತ್ತಲಗಳಿಂದ ಹೆಸರು ಪಡೆಯಲು ಹೋಗದೆ ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದನು. ಊರು ಬೆಳೆಯಿತು. ಮಲೆನಾಡಿನ ಅಡಕೆ, ಮೆಣಸು ಇಲ್ಲಿ ಇಳಿದು ಘಟ್ಟದ ಕೆಳಗಿನ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು. ಅಲ್ಲಿಂದ ಬೇರೆ ಸರಕುಗಳು ಹೇರಿನ ಎತ್ತುಗಳ ಬೆನ್ನಿನ ಮೇಲೆ ಹಿಂದಿರುಗುತ್ತಿದ್ದವು. ವ್ಯಾಪಾರಿಗಳಲ್ಲಿ ಹೆಚ್ಚಿನವರು ವೀರಶೈವ ಲಿಂಗಾಯತರು. ಇಂದಿಗೂ ಮಂಡಿಪೇಟೆ, ಚೌಕಿಪೇಟೆ, ಚಾಮರಾಜಪೇಟೆ ಎಂಬ ಹೆಸರುಗಳಲ್ಲಿ ಪೇಟೆಯ ಸೊಲ್ಲು ಅಡಗಿದೆ. ಮಂಡಿಯೆಂದರೆ ಸಗಟು ವ್ಯಾಪಾರದ ಕಟ್ಟೆ. ಎರಡು ವರ್ಷಗಳಿಗೊಮ್ಮೆ ಜಾತ್ರೆ ನಡೆಯುವ ದುರ್ಗಾಂಬಿಕೆ ಊರಿನ ದೇವತೆ. ಜಾತ್ರೆಗೆ ಮಗಳು ಅಳಿಯಂದಿರನ್ನು ಕರೆಯದ ಮನೆ ಹಳೇ ಊರಿನಲ್ಲಿ ಇಂದಿಗೂ ವಿರಳ.

೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ಹರಿಹರದ ಮಾರ್ಗವಾಗಿ ಇಲ್ಲಿಗೆ ಬಂದನು. ಟಿಪ್ಪೂವಿನ ಪತನವಾದ ಹೊಸತರಲ್ಲಿ ಕಂಪನಿ ಸರಕಾರವು ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ಸಮೀಕ್ಷೆ ಮಾಡಿಸಲು ಕಳುಹಿಸಿದ ವೈದ್ಯನೀತ. ದಾವಣಗೆರೆಯ ವಿಚಾರವಾಗಿ ಅವನ ಗಮನ ಸೆಳೆದದ್ದು ಕಂಬಳಿ. ಇಲ್ಲಿಯ ಕುರುಬರು ನೇಯುತ್ತಿದ್ದ ಕಂಬಳಿ ಆ ದಿನಗಳಲ್ಲಿ ದೂರದೂರುಗಳಿಗೆ ಹೋಗುತ್ತಿತ್ತು. ಅತ್ಯಂತ ನಯವಾದ ಕಂಬಳಿಯನ್ನು ಸುರುಳಿ ಸುತ್ತಿ ಬಿದಿರಿನ ಕೊಳವೆಯೊಳಗೆ ಇಡಬಹುದಾಗಿತ್ತೆಂದು ಹಳೆಯ ಗೆಜೆಟಿಯರಿನಲ್ಲಿ ಹೇಳಿದೆ. ಢಾಕಾದ ಮಲಮಲ್ಲನ್ನು ಉಂಗುರದೊಳಗೆ ತೂರಿಸುತ್ತಿದ್ದರೆಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಮ್ಮ ಮಗ್ಗುಲಿನಲ್ಲೇ ಬಿದಿರಿನೊಳಗೆ ಹೋಗುವ ಕಂಬಳಿ ಇತ್ತೆಂಬುದನ್ನು ಮಾತ್ರ ಓದಲಿಲ್ಲ.

ಕಂಬಳಿಯ ಕೆಲಸ ಸುಲಭದ್ದಲ್ಲ. ವರ್ಷಕ್ಕೆರಡು ಬಾರಿ ಕುರಿಗಳ ಉಣ್ಣೆ ಕತ್ತರಿಸಬೇಕು. ಬಣ್ಣ ನೋಡಿ ವಿಂಗಡಿಸಿ, ಬಿಲ್ಲಿನಿಂದ ಎಕ್ಕಿ, ನೂಲಬೇಕು. ನೂಲುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಹಾಸಿನ ನೂಲಿಗೆ ಹುಣಿಸೆ ಬೀಜದ ಗಂಜಿ ಕೊಟ್ಟು, ಬಿಸಿಲಿನಲ್ಲಿ ಹುರಿಗಟ್ಟಿಸಿ, ಗುಂಡಿಮಗ್ಗದಲ್ಲಿ ನೇಯಬೇಕು. ಹೀಗೆ ನೇಯ್ದ ಕಂಬಳಿಯ ಕೊಪ್ಪೆ ಹಾಕಿಕೊಂಡ ಕುರುಬ ಮುಂಗಾರಿನ ಜಡಿಮಳೆಯಲ್ಲಿಯೂ ಹಿಂಡಿನೊಡನೆ ನಿಲ್ಲಬಲ್ಲ. ಹಾಲುಮತದವರಲ್ಲಿ ಕಂಬಳಿ ಹಾಸಿ ಗದ್ದುಗೆ ಮಾಡದೆ ಮದುವೆಯಿಲ್ಲ, ದೇವರ ಕಾರ್ಯವಿಲ್ಲ. ಗಿರಣಿಯ ರಗ್ಗು, ಪ್ಲಾಸ್ಟಿಕ್ಕಿನ ಹೊದಿಕೆಗಳು ಬಂದಮೇಲೆ ಕಂಬಳಿಯನ್ನು ಕೊಳ್ಳುವವರು ಕಡಿಮೆಯಾದರು. ಇಂದು ದಾವಣಗೆರೆಯೆಂದರೆ ಕಂಬಳಿ ಎಂದು ಯಾರೂ ಹೇಳುವುದಿಲ್ಲ.

ಕಂಬಳಿಯ ಊರು ಹತ್ತಿಯ ಊರಾದದ್ದು ರೈಲು ಬಂದಮೇಲೆ. ಸುತ್ತಲಿನ ಎರೆಭೂಮಿಯಲ್ಲಿ ಬೆಳೆದ ಹತ್ತಿ ಗಾಡಿಗಳಲ್ಲಿ ಪೇಟೆಗೆ ಬಂದು, ಜಿನ್ನುಗಳಲ್ಲಿ ಬೀಜ ಬಿಡಿಸಿಕೊಂಡು, ಒತ್ತಿ ಕಟ್ಟಿದ ಅಂಡಿಗೆಗಳಾಗಿ ರೈಲು ಹತ್ತುತ್ತಿತ್ತು. ಹತ್ತಿಯನ್ನು ಹೊರಗೆ ಕಳಿಸಿ ಬಟ್ಟೆಯನ್ನು ಒಳಗೆ ತರುವುದೇಕೆ, ಇಲ್ಲಿಯೇ ನೂತು ನೇಯಬಾರದೇಕೆ ಎಂಬ ಯೋಚನೆ ವರ್ತಕರಿಗೆ ಬಂದಿತು. ೧೯೩೦ರ ದಶಕದ ಉತ್ತರಾರ್ಧದಲ್ಲಿ ರಾಜನಹಳ್ಳಿ ಮನೆತನದವರ ಮುಂದಾಳುತನದಲ್ಲಿ ದಾವಣಗೆರೆ ಕಾಟನ್ ಮಿಲ್ ತಲೆಯೆತ್ತಿತು. ಮುಂದಿನ ದಶಕಗಳಲ್ಲಿ ಗಣೇಶರ ಮಿಲ್, ಶಂಕರ ಮಿಲ್, ಚಂದ್ರೋದಯ ಮಿಲ್, ಆಂಜನೇಯ ಮಿಲ್, ಸಿದ್ಧೇಶ್ವರ ಮಿಲ್, ಯಲ್ಲಮ್ಮ ಮಿಲ್ ಎಂದು ಸಾಲಾಗಿ ಗಿರಣಿಗಳು ಬಂದವು. ಇಂಗ್ಲೆಂಡಿನ ಬಟ್ಟೆಯ ನಗರಕ್ಕೆ ಹೋಲಿಸಿ, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಜನ ಕರೆದರು. ಪಾಳಿಯ ಸೈರನ್ನು ಕೂಗಿದರೆ ಊರಿನ ಗಡಿಯಾರಗಳು ಸರಿಹೋಗುತ್ತಿದ್ದ ಕಾಲವದು. ನನ್ನ ಬಾಲ್ಯದಲ್ಲಿ ಮನೆಗಳಲ್ಲಿ ಅಕ್ಕಿ ಒಲೆಗಿಡುತ್ತಿದ್ದುದು ಸೈರನ್ನಿನ ಲೆಕ್ಕದಲ್ಲಿಯೇ. ರೇಡಿಯೋದಲ್ಲಿ ವಾರ್ತೆ ಆರಂಭವಾಗುವುದಕ್ಕೂ ಗಂಡಸರು ಪಾಳಿ ಮುಗಿಸಿ ಬರುವುದಕ್ಕೂ ಸರಿಹೋಗುತ್ತಿತ್ತು.

ಗಿರಣಿಗಳು ಬಟ್ಟೆಯ ಜೊತೆಗೆ ಒಂದು ಜನಸಮುದಾಯವನ್ನೂ ನೇಯ್ದವು. ಹಳ್ಳಿಯಲ್ಲಿ ಬೇರೆ ಬೇರೆ ಕೇರಿಗಳಲ್ಲಿದ್ದವರು ಇಲ್ಲಿ ಒಂದೇ ಮಗ್ಗದ ಸಾಲಿನಲ್ಲಿ ನಿಂತರು. ಅವರಿಂದ ಕಾರ್ಮಿಕ ಸಂಘಗಳು ಹುಟ್ಟಿದವು. ಗಿರಣಿ ಕಾರ್ಮಿಕರ ಮುಂದಾಳಾಗಿದ್ದ ಕಮ್ಯೂನಿಸ್ಟ್ ಪಕ್ಷದ ಪಂಪಾಪತಿಯವರನ್ನು ದಾವಣಗೆರೆ ೧೯೭೮, ೧೯೮೩, ೧೯೮೫ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳುಹಿಸಿತು. ವರ್ತಕರ ಹಣವೂ ಊರಿನಲ್ಲಿ ಉಳಿಯಿತೆಂಬುದನ್ನು ಹೇಳದಿದ್ದರೆ ನ್ಯಾಯವಾಗದು. ರಾಜನಹಳ್ಳಿಯವರ ಛತ್ರ, ಚಿಗಟೇರಿ ಮನೆತನದ ಹೆಸರು ಹೊತ್ತ ಆಸ್ಪತ್ರೆ, ೧೯೫೧ರಲ್ಲಿ ಆರಂಭವಾದ ಬಿ. ಡಿ. ಟಿ. ಇಂಜಿನಿಯರಿಂಗ್ ಕಾಲೇಜು, ೧೯೫೮ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆ, ೧೯೬೫ರ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ಇವೆಲ್ಲ ಪೇಟೆಯ ಊರು ವಿದ್ಯೆಯ ಊರಾಗುತ್ತ ಬಂದ ಹೆಜ್ಜೆಗಳು.

ಆದರೆ ಗಿರಣಿಗಳು ನಿಲ್ಲಲಿಲ್ಲ. ಹಳೆಯ ಯಂತ್ರಗಳು, ವಿದ್ಯುತ್ತಿನ ಅಭಾವ, ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆ, ಕೃತಕ ನೂಲು ಎಲ್ಲವೂ ಸೇರಿ ನಾಡಿನ ಉದ್ದಗಲಕ್ಕೂ ಗಿರಣಿಗಳನ್ನು ಕೆಡವಿದಂತೆ ಇಲ್ಲಿಯೂ ಕೆಡವಿದವು. ಇನ್ನೊಂದು ಕಾರಣ ಸ್ಥಳೀಯವಾದುದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ೧೯೬೦ರ ದಶಕದಲ್ಲಿ ಪೂರ್ಣಗೊಂಡು ಕಾಲುವೆಯ ನೀರು ಈ ಬಯಲಿಗೆ ಬಂದಾಗ, ಹತ್ತಿ ಜೋಳಗಳ ಹೊಲಗಳು ಭತ್ತದ ಗದ್ದೆಗಳಾದವು. ಗಿರಣಿಗೆ ಹತ್ತಿ ದೂರದಿಂದ ಬರಬೇಕಾಯಿತು. ರೈತರಿಗೆ ಒಳ್ಳೆಯದೇ ಆಯಿತು. ನೀರು ಬಂದದ್ದಕ್ಕಾಗಿ ಯಾರೂ ದುಃಖಪಡಬೇಕಾಗಿಲ್ಲ. ಇಪ್ಪತ್ತನೆಯ ಶತಮಾನ ಮುಗಿಯುವುದರೊಳಗೆ ಬಹುತೇಕ ಗಿರಣಿಗಳ ಸೈರನ್ನು ನಿಂತಿತು. ನೆಲ ಮನೆಗಳ ನಿವೇಶನವಾಯಿತು. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲಾಕೇಂದ್ರವಾದಾಗ ಊರು ಹಬ್ಬ ಮಾಡಿತು. ಗಿರಣಿಯವರ ಮನೆಗಳಲ್ಲಿ ಕೆಲಸ ಕಳೆದುಕೊಂಡ ಚಿಂತೆ ಆಗಲೂ ಇತ್ತು.

ಭತ್ತ ಬಂದದ್ದರಿಂದ ಬಲಗೊಂಡ ಕಸುಬು ಮಂಡಕ್ಕಿಯದು. ಭತ್ತವನ್ನು ಬಿಸಿನೀರಿನಲ್ಲಿ ನೆನಸಿ, ಹುರಿದು, ಹೊಟ್ಟು ತೆಗೆದು, ಅಕ್ಕಿಗೆ ಉಪ್ಪುನೀರು ಕೊಟ್ಟು ಒಣಗಿಸಿ, ಕಾದ ಮರಳಿನಲ್ಲಿ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳಿ ಮೇಲೇಳುತ್ತದೆ. ಜರಡಿ ಹಿಡಿದು ಮರಳನ್ನು ಬೇರ್ಪಡಿಸಿದರೆ ಮಂಡಕ್ಕಿ. ಒಂದು ಗಳಿಗೆ ಹೆಚ್ಚಾದರೆ ಕಪ್ಪು, ಕಡಿಮೆಯಾದರೆ ಗಟ್ಟಿ. ಈ ಹದ ಭಟ್ಟಿಯ ಮುಂದೆ ನಿಂತವನ ಕೈಗೆ ಮಾತ್ರ ಗೊತ್ತು. ಮಂಡಕ್ಕಿ ಭಟ್ಟಿಗಳಿರುವ ಬಡಾವಣೆಯಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಬೆಂಕಿಯ ಝಳ, ಹೊಗೆ, ಮರಳಿನ ದೂಳು ಇವು ಅವರ ನಿತ್ಯದ ಸಂಗಾತಿಗಳು. ಎಳೆಯ ವಯಸ್ಸಿನಲ್ಲಿಯೇ ಕೆಮ್ಮು ಹಿಡಿದವರನ್ನು ನಾನು ನೋಡಿದ್ದೇನೆ. ಸಂಜೆ ಮೆಣಸಿನಕಾಯಿ ಬಜ್ಜಿಯೊಡನೆ ಮಂಡಕ್ಕಿ ತಿನ್ನುವಾಗ, ಬೆಣ್ಣೆದೋಸೆಯ ಹೆಸರಿನೊಡನೆ ಊರಿನ ಕೀರ್ತಿಯನ್ನು ಹಾಡುವಾಗ, ಈ ಹೊಗೆಯನ್ನೂ ನೆನೆಯುವುದು ನಮ್ಮ ಕರ್ತವ್ಯ.

ಹೊಳೆಯ ದಂಡೆಯ ಹರಿಹರದಲ್ಲಿ ೧೯೪೧ರಲ್ಲಿ ಒಂದು ಹೊಸ ಕಸುಬು ಕಾಲಿಟ್ಟಿತು. ಕಿರ್ಲೋಸ್ಕರ್ ಮನೆತನದವರು ಮೈಸೂರು ಸರಕಾರದ ಸಹಕಾರದಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂಬ ಅಂದವಾದ ಹೆಸರು ಬಿದ್ದಿತು. ಅಲ್ಲಿ ತಯಾರಾಗುತ್ತಿದ್ದ ಮುಖ್ಯ ವಸ್ತು ಲೇತು, ಎಂದರೆ ತಿರುಗಣೆ. ಉಳಿದ ಯಂತ್ರಗಳ ಭಾಗಗಳನ್ನು ಕಡೆಯುವ ತಾಯಿಯಂತ್ರವಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಯಂತ್ರಗಳು ಬರುವುದು ದುರ್ಲಭವಾಗಿದ್ದಾಗ ಆರಂಭವಾಗಿ, ಸ್ವಾತಂತ್ರ್ಯಾನಂತರ ದೇಶದ ಕಾರ್ಯಾಗಾರಗಳಿಗೆ ಹರಿಹರದ ಲೇತುಗಳು ಹೋದವು. ೧೯೭೨ರಲ್ಲಿ ಹೊಳೆಯ ಆಚೆ ಕುಮಾರಪಟ್ಟಣದಲ್ಲಿ ನೀಲಗಿರಿ ಮರದ ತಿರುಳಿನಿಂದ ಕೃತಕ ನೂಲಿಗೆ ಬೇಕಾದ ಸಾಮಗ್ರಿಯನ್ನು ಮಾಡುವ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಕೆಲಸವೂ ಸಿಕ್ಕಿತು, ಹೊಳೆಯ ನೀರು ಕೆಟ್ಟಿತೆಂಬ ಜನರ ಹೋರಾಟವೂ ನಡೆಯಿತು. ಲೇತಿನ ಕಾರ್ಖಾನೆ ಮಾತ್ರ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು.

ಇಲ್ಲಿ ನಾನು ಕಂಡ ಒಂದು ಸಂಗತಿಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಹರಿಹರೇಶ್ವರ ದೇವಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಪೋಲಾಳ್ವ, ವೀರನರಸಿಂಹ, ೧೨೨೪ ಎಂದು ಬಾಯಿಪಾಠದಂತೆ ಹೇಳುತ್ತಿದ್ದಾಗ ಒಬ್ಬ ಹುಡುಗ ಕಂಬದ ಮೇಲೆ ಕೈಯಾಡಿಸಿ, “ಇದು ಲೇತಿನ ಕೆಲಸ ಸಾರ್, ನಮ್ಮ ತಾತ ಮಾಡ್ತಿದ್ದರು” ಎಂದ. ಮಕ್ಕಳು ನಕ್ಕರು, ನನಗೂ ನಗು ಬಂದಿತು. ಮುಂದಿನ ವಾರ ಹುಡುಗ ತಾತನನ್ನೇ ಕರೆತಂದ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಹಿರಿಯರು. ದೇವರಿಗೆ ಕೈಮುಗಿದು ಬಂದು, ಕಣ್ಣು ಮುಚ್ಚಿ ಕಂಬದ ಸುತ್ತಲೂ ಅಂಗೈಯನ್ನು ನಿಧಾನವಾಗಿ ಸರಿಸಿದರು. ಎರಡು ಸುತ್ತುಗಳ ನಡುವಣ ಸಂದಿನಲ್ಲಿ ಉಗುರಿಟ್ಟು ನೋಡಿದರು. “ಕಲ್ಲು ತಿರುಗಿತೋ ಉಳಿ ತಿರುಗಿತೋ ನನಗೆ ಗೊತ್ತಿಲ್ಲ ಮೇಷ್ಟ್ರೇ. ಆದರೆ ನಡುಬಿಂದು ಎಲ್ಲೂ ಕದಲಿಲ್ಲ. ಅದು ಕದಲದ ಹಾಗೆ ಹಿಡಿಯೋದೇ ನಮ್ಮ ವಿದ್ಯೆ” ಎಂದರು. ಮೂವತ್ತು ವರ್ಷ ಆ ದೇವಾಲಯದ ಪಾಠ ಹೇಳಿದ ನಾನು ಕಂಬವನ್ನು ಮುಟ್ಟಿ ನೋಡಿದ್ದು ಅಂದೇ ಮೊದಲು.

ಅಂದು ನಾನು ಮನಗಂಡದ್ದು ಇಷ್ಟು: ಒಂದೇ ಊರಿನಲ್ಲಿ ಏಳು ಶತಮಾನಗಳ ಅಂತರದಲ್ಲಿ ಎರಡು ಬಾರಿ ತಿರುಗಣೆಯ ವಿದ್ಯೆ ಮೇಲೇರಿತು. ಇದು ಕಾಕತಾಳೀಯವಿರಬಹುದು, ಒಂದು ಮತ್ತೊಂದರಿಂದ ಬಂದಿತೆಂದು ನಾನು ಹೇಳುತ್ತಿಲ್ಲ. ಆದರೆ ಮೊದಲನೆಯದಕ್ಕೆ ಪರಂಪರೆ ಎಂಬ ಹೆಸರು, ರಕ್ಷಣೆ, ಫಲಕ ಎಲ್ಲವೂ ಇವೆ. ಎರಡನೆಯದಕ್ಕೆ ಏನೂ ಇಲ್ಲ. ಮೊದಲನೆಯ ತಿರುಗಣೆಯನ್ನು ಹಿಡಿದವರು ಏನು ಯೋಚಿಸಿದರು, ಉಳಿಗೆ ಏನು ಹೆಸರಿಟ್ಟಿದ್ದರು ಎಂಬುದನ್ನು ಇನ್ನು ಯಾರಿಂದಲೂ ಕೇಳಲಾಗದು. ಎರಡನೆಯದನ್ನು ಹಿಡಿದವರು ಇನ್ನೂ ನಮ್ಮ ಪಕ್ಕದ ಬೀದಿಗಳಲ್ಲಿದ್ದಾರೆ. ಅವರೂ ಹೊರಟುಹೋದರೆ ಅದೂ ಅಷ್ಟೇ.

೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಾವೆಲ್ಲ ಹಿಗ್ಗಿದೆವು. ಅದೇ ಪಟ್ಟಿಗೆ ೧೯೯೯ರಲ್ಲಿಯೇ ಸೇರಿದ ಫಿಲಿಪ್ಪೀನ್ಸ್ ದೇಶದ ವಿಗಾನ್ ಎಂಬ ಪುಟ್ಟ ನಗರದ ವಿಚಾರ ಇಲ್ಲಿ ಹೇಳತಕ್ಕದ್ದು. ಸ್ಪೇನಿನವರ ಕಾಲದ ಕಲ್ಲುಹಾಸಿನ ಬೀದಿ, ವರ್ತಕರ ಮನೆಗಳು, ದೊಡ್ಡ ಇಗರ್ಜಿ ಇವುಗಳಿಗಾಗಿ ಆ ಊರು ಪ್ರಸಿದ್ಧ. ಆದರೆ ಅಲ್ಲಿ ನೋಡಲು ಹೋದವರು ಮನೆಗಳನ್ನು ಕಂಡು ಹಿಂದಿರುಗುವುದಿಲ್ಲ. ಬುರ್ನಾಯ್ ಎಂಬ ಮಣ್ಣಿನ ಜಾಡಿಗಳನ್ನು ಚಕ್ರದ ಮೇಲೆ ಎಬ್ಬಿಸುವ ಕುಂಬಾರರನ್ನೂ, ಆಬೆಲ್ ಎಂಬ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯುವವರನ್ನೂ ಕಂಡು ಬರುತ್ತಾರೆ. ಕಟ್ಟಡವೂ ಕಸುಬೂ ಅಲ್ಲಿ ಒಂದೇ ಊರಿನ ಹೆಮ್ಮೆ. ನಾವು ಗುಡಿಯನ್ನು ಉಳಿಸಿಕೊಂಡು ಕಸುಬನ್ನು ಗುಜರಿಗೆ ಹಾಕುತ್ತಿದ್ದೇವೆ.

ಕಸುಬೇ ನಿಂತುಹೋದಮೇಲೆ ಉಳಿಸುವುದೇನನ್ನು ಎಂದು ಕೇಳಬಹುದು. ಕಂಬಳಿಯನ್ನು ಕೊಳ್ಳಿರೆಂದು ಎಲ್ಲರನ್ನೂ ಒತ್ತಾಯಿಸಲಾಗದು. ಮುಚ್ಚಿದ ಗಿರಣಿಯನ್ನು ಭಾಷಣದಿಂದ ತೆರೆಯಲಾಗದು. ಆದರೆ ಕನ್ನಡದ ಮೇಷ್ಟ್ರಾದ ನನಗೆ ಕಾಣುವ ಒಂದು ದಾರಿಯುಂಟು. ಪ್ರತಿಯೊಂದು ಕಸುಬಿನ ಜೊತೆಗೂ ಒಂದು ಶಬ್ದಕೋಶವಿರುತ್ತದೆ. ಹಾಸು, ಹೊಕ್ಕು, ಲಾಳಿ, ಹಣಿಗೆ, ಎಕ್ಕುವುದು, ಹುರಿಗಟ್ಟುವುದು ಇವು ಮಗ್ಗದ ಮನೆಯ ಮಾತುಗಳು. ಹಾಸುಹೊಕ್ಕು ಎಂಬುದನ್ನು ಇಂದು ನಾವು ಅಲಂಕಾರವಾಗಿ ಬಳಸುತ್ತೇವೆ. ಹಾಸು ಯಾವುದು, ಹೊಕ್ಕು ಯಾವುದು ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ತಿಳಿಯದು. ಗಿರಣಿಯವರು ಇಂಗ್ಲಿಷಿನ ಶಬ್ದಗಳನ್ನು ಬಾಯಿಗೆ ತಕ್ಕಂತೆ ತಿದ್ದಿಕೊಂಡು ಕನ್ನಡ ಮಾಡಿಕೊಂಡಿದ್ದರು. ಭಟ್ಟಿಯವರ ಮಾತಿನಲ್ಲಿ ಉರ್ದೂ ಕನ್ನಡಗಳು ಬೆರೆತಿವೆ. ಈ ಮಾತುಗಳನ್ನು ಆಡಿದವರ ಹೆಸರಿನೊಡನೆ, ಅವರ ಊರು, ಕೆಲಸಕ್ಕೆ ಸೇರಿದ ವರ್ಷ, ಬಿಟ್ಟ ವರ್ಷಗಳೊಡನೆ ಬರೆದಿಡುವುದಕ್ಕೆ ಹಣ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದಿಷ್ಟು ತಾಳ್ಮೆ ಸಾಕು.

ನಮ್ಮ ಶಾಲೆಯಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದ್ದೇವೆ. ಬೇಸಗೆ ರಜೆಯಲ್ಲಿ ಪ್ರತಿ ಮಗುವೂ ತನ್ನ ಬೀದಿಯ ಒಬ್ಬ ಹಿರಿಯರ ಕಸುಬನ್ನು ಕೇಳಿ ಬರೆದು ತರಬೇಕು. ಬಂದ ಬರಹಗಳಲ್ಲಿ ಕಾಗುಣಿತದ ತಪ್ಪುಗಳಿವೆ. ಆದರೆ ಯಾವ ನಿಘಂಟಿನಲ್ಲಿಯೂ ನಾನು ಕಾಣದ ಶಬ್ದಗಳೂ ಇವೆ. ಟರ್ನರ್ ತಾತನ ಮೊಮ್ಮಗನು ತಂದ ಎರಡು ಪುಟಗಳಲ್ಲಿ ಹದಿನೇಳು ಬಗೆಯ ಉಳಿಗಳ ಹೆಸರುಗಳಿದ್ದವು. ಆ ಹಿರಿಯರು ಈಗಿಲ್ಲ. ಆ ಎರಡು ಪುಟಗಳು ಇವೆ.

ಹರಿದ್ರಾ ನದಿಯ ಅಣೆ ಒಡೆದಾಗ, ಒಡೆಯಿತೆಂದು ಬರೆದಿಟ್ಟವರು ಹರಿಹರದವರು. ಯಾರು ಎಷ್ಟು ಪಾಲು ಕೊಟ್ಟರೆಂದು ಬರೆದಿಟ್ಟವರೂ ಅವರೇ. ಆರುನೂರು ವರ್ಷಗಳಾದಮೇಲೆ ನಮಗೆ ಅದು ತಿಳಿದದ್ದು ಬರೆದಿದ್ದರಿಂದ. ದಾವಣಗೆರೆಯ ಗಿರಣಿಗಳೂ ಯಂತ್ರಪುರದ ಕಾರ್ಖಾನೆಯೂ ನಮ್ಮ ಕಾಲದಲ್ಲಿ 'ಒಡೆದ' ಅಣೆಗಳು. ಅವನ್ನು ಮತ್ತೆ ಕಟ್ಟುವ ಚಾಮ ದಂಡನಾಯಕನು ಬರುತ್ತಾನೋ ಇಲ್ಲವೋ, ಪಾಲುಗಾರರ ಹೆಸರುಗಳನ್ನು ಬರೆದಿಡುವುದು ನಮ್ಮಿಂದ ಆಗುವ ಕೆಲಸ. ವಾಚಕರ ಮನೆಯಲ್ಲಿ, ನೆರೆಮನೆಯಲ್ಲಿ ಮಗ್ಗ ಹಿಡಿದವರು, ಭಟ್ಟಿಯ ಮುಂದೆ ನಿಂತವರು, ಲೇತು ತಿರುಗಿಸಿದವರು ಇದ್ದರೆ, ಸಂಜೆಯ ಹೊತ್ತು ರೇಡಿಯೋವನ್ನು ಅರ್ಧ ಗಂಟೆ ನಿಲ್ಲಿಸಿ ಅವರನ್ನು ಮಾತನಾಡಿಸಬಹುದು.